ಚರಗ ಎಂದರೇನು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಚರಿತ್ರೆ ಬರೆಯುವ ಭಾರವನ್ನು ಬೇರೆಯವರು ಹೊತ್ತಿದ್ದಾರೆಂದು ತಿಳಿದು ನಿರಾಳನಾದೆ. ಜಾಗ ಕೊಟ್ಟ ಮಹನೀಯರು, ಕಲ್ಲುಮಣ್ಣು ಹೊತ್ತ ಪಾಲಕರು, ಸಂಬಳವಿಲ್ಲದೆ ತಿಂಗಳುಗಟ್ಟಲೆ ಪಾಠ ಹೇಳಿದ ಗುರುಗಳು, ಎಲ್ಲರ ಹೆಸರೂ ಆ ಲೇಖನದಲ್ಲಿ ಬರುತ್ತದೆ. ನಾನು ಬರೆಯಹೊರಟಿರುವುದು ಅದಕ್ಕಿಂತ ಚಿಕ್ಕ ಸಂಗತಿ. ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ ತರಗತಿಯ ಪ್ರಬಂಧ ಬರೆಯುವುದನ್ನು ತರಗತಿಯ ಹೊರಗೆ ಕಲಿತ ಬಗೆ ಅದು. ಅವಳ ಹೆಸರನ್ನು ಮನೆಯವರ ಇಚ್ಛೆಯಂತೆ ಇಲ್ಲಿ ಹೇಳುತ್ತಿಲ್ಲ. ಊರವರಿಗೆ ತಾನಾಗಿಯೇ ಗುರುತು ಹತ್ತಿದರೆ ಅದಕ್ಕೆ ನಾನು ಹೊಣೆಗಾರನಲ್ಲ.

ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಈ ಸಂಚಿಕೆಯನ್ನು ಓದುವರಾದ್ದರಿಂದ ನಮ್ಮ ಸೀಮೆಯ ವಿಷಯ ನಾಲ್ಕು ಮಾತು ಹೇಳುವುದು ಅಗತ್ಯ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಮೂರು ಪಾಲಾದಾಗ ರಾಯಚೂರು, ಕಲಬುರಗಿ ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಕಲಬುರಗಿಯ ಕೊಡಂಗಲ್ ತಾಲ್ಲೂಕೂ ಆಂಧ್ರದ ಮಹಬೂಬನಗರ ಜಿಲ್ಲೆಗೆ ಹೋದವು. ಮಖ್ತಲ್, ನಾರಾಯಣಪೇಟೆಗಳ ನಮ್ಮ ಭಾಗ ಮೊದಲಿನಿಂದಲೂ ಮಹಬೂಬನಗರದಲ್ಲಿದ್ದು ಅಲ್ಲಿಯೇ ಉಳಿಯಿತು. 2014ರ ಜೂನ್ 2ರಂದು ತೆಲಂಗಾಣವಾಯಿತು, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಹುಟ್ಟಿದ ಮನೆಯಿಂದ ಕದಲದೆ ನಾನು ಇಷ್ಟು ವಿಳಾಸಗಳನ್ನು ಬರೆದಿದ್ದೇನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣ ದೊರೆಯಬೇಕೆಂದು ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿದರು. ನಮ್ಮಂತಹ ಶಾಲೆಗಳಿಗೆ ಆಧಾರವಾಗಿರುವುದು ಆ ವಿಧಿಯೇ.

ವಿಧಿಯಿಂದ ಶಾಲೆ ನಡೆದೀತು, ಓದುಗರು ಹುಟ್ಟಲಾರರು. ದಾಮರಗಿದ್ದದ ಕನ್ನಡ ಮಗು ಮನೆಯಲ್ಲಿ ಕನ್ನಡ ಮಾತನಾಡುತ್ತದೆ, ಸಂತೆಯಲ್ಲಿ ತೆಲುಗು ಮಾತನಾಡುತ್ತದೆ, ಕಚೇರಿಯ ಕಾಗದದಲ್ಲಿ ತೆಲುಗನ್ನೂ ಇಂಗ್ಲಿಷನ್ನೂ ಕಾಣುತ್ತದೆ. ಬಸ್ಸಿನ ಫಲಕ, ಅಂಗಡಿಯ ಹೆಸರು, ಗೋಡೆಯ ಮೇಲಿನ ಜಾಹೀರಾತು ಯಾವುದೂ ಕನ್ನಡವಲ್ಲ. ಪಠ್ಯಪುಸ್ತಕ ಬಿಟ್ಟರೆ ಕಣ್ಣಿಗೆ ಬೀಳುವ ಕನ್ನಡದ ಅಚ್ಚಕ್ಷರ ಬಹಳ ಕಡಿಮೆ. ಇಂತಹ ಮಗು ಕನ್ನಡದಲ್ಲಿ ಪ್ರಬಂಧ ಬರೆದರೆ ಅದನ್ನು ಓದುವವನು ಲೋಕದಲ್ಲಿ ಒಬ್ಬನೇ, ಅದನ್ನು ತಿದ್ದುವ ಶಿಕ್ಷಕ.

1966ರಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ತರಬೇತಿ ಪಡೆದು, ಶಿಕ್ಷಕನಾಗಿ, ಕೊನೆಗೆ ಇದೇ ಶಾಲೆಯ ಪ್ರಾಥಮಿಕ ವಿಭಾಗದ ಮುಖ್ಯೋಪಾಧ್ಯಾಯನಾಗಿ 2008ರಲ್ಲಿ ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ದೀಪಾವಳಿಯ ಮೇಲೆ ಬಂದ ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಹಗೇವು ತುಂಬುತ್ತಿತ್ತು. ಎಲ್ಲದರಲ್ಲಿಯೂ ಭಾರತ ಹಬ್ಬಗಳ ನಾಡು, ಎಲ್ಲದರಲ್ಲಿಯೂ ದೀಪಾವಳಿ ಬೆಳಕಿನ ಹಬ್ಬ, ಎಲ್ಲದರಲ್ಲಿಯೂ ಕೊನೆಗೆ ಪಟಾಕಿಯಿಂದ ಪರಿಸರ ಮಾಲಿನ್ಯ. ಬರೆದ ಹುಡುಗನ ಮನೆಯಲ್ಲಿ ಹಬ್ಬದ ದಿನ ಏನಾಯಿತೆಂಬುದು ಒಂದರಲ್ಲಿಯೂ ಇರುತ್ತಿರಲಿಲ್ಲ. ಇದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ. ಶಿಕ್ಷಕನಿಗೆ ದೀಪಾವಳಿ ಏನೆಂದು ಗೊತ್ತಿದೆ ಎಂಬುದು ಮಗುವಿಗೆ ಗೊತ್ತಿದೆ. ಗೊತ್ತಿದ್ದವನಿಗೆ ಹೊಸದಾಗಿ ಹೇಳುವುದೇನಿದೆ? ಆದ್ದರಿಂದ ಅದು ಗೈಡಿನಲ್ಲಿದ್ದುದನ್ನು ಒಪ್ಪಿಸುತ್ತದೆ.

1980ರ ದಶಕದಲ್ಲಿ ನಾವು ಇದಕ್ಕೊಂದು ಉಪಾಯ ಮಾಡಿದೆವು. ಆ ಕಾಲದ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಬಾಗಿಲ ಪಕ್ಕದ ಗೋಡೆಗೆ ರಟ್ಟು ಹೊಡೆದು, ಪ್ರತಿ ಶನಿವಾರ ಮಕ್ಕಳ ಕೈಬರಹದ ಹಾಳೆಗಳನ್ನು ಅಂಟಿಸುತ್ತಿದ್ದೆವು. ಅಕ್ಷರ ದುಂಡಗಾಯಿತು, ಅಂಚಿಗೆ ಹೂಬಳ್ಳಿಯ ಚಿತ್ರ ಬಂದಿತು, ಬರೆದವನ ಹೆಸರನ್ನು ಎಲ್ಲರೂ ಓದಿದರು. ಗೋಡೆಪತ್ರಿಕೆಯಿಂದ ಉತ್ಸಾಹ ಹೆಚ್ಚಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಮುಂದೆ ನಿಂತು ಓದುವವರೂ ಅದೇ ಊರಿನವರು, ಅದೇ ಬೀದಿಯವರು. ಬರೆದವನಿಗೆ ಗೊತ್ತಿದ್ದುದೆಲ್ಲ ಅವರಿಗೂ ಗೊತ್ತು. ಜಾತ್ರೆಯ ವಿಷಯ ಬರೆದರೆ ‘ಜಾತ್ರೆ ಬಹಳ ಚೆನ್ನಾಗಿತ್ತು’ ಎಂದರೆ ಸಾಕಾಗುತ್ತಿತ್ತು.

ನಾನು ಹೇಳುತ್ತಿರುವ ಹುಡುಗಿ 2015ರ ಜೂನ್‌ನಲ್ಲಿ ಒಂಬತ್ತನೆಯ ತರಗತಿಗೆ ಬಂದಳು. ನಿವೃತ್ತನಾದ ಮೇಲೂ ಶನಿವಾರಗಳಲ್ಲಿ ಶಾಲೆಗೆ ಹೋಗಿ ಕುಳಿತುಕೊಳ್ಳುವ ಚಟ ನನಗೆ ಉಳಿದುಕೊಂಡಿತ್ತು. ಅವಳ ನೋಟುಪುಸ್ತಕವೂ ಉಳಿದವರದರಂತೆಯೇ ಇತ್ತು, ಹೆಚ್ಚು ತಪ್ಪಿಲ್ಲ, ಜೀವವೂ ಇಲ್ಲ. ತಂದೆ ತಾಯಿ ದಸರೆ ಮುಗಿದ ಮೇಲೆ ಗುಳೆ ಹೋಗುತ್ತಿದ್ದರು, ಇವಳು ಅಜ್ಜಿಯ ಬಳಿ ಉಳಿಯುತ್ತಿದ್ದಳು. ಅಣ್ಣ ರಾಯಚೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಸಿದ್ಧಮಾಡುವ ಕೆಲಸಕ್ಕಿದ್ದ. ತಂಗಿಗಾಗಿ ಅವನೊಂದು ಬ್ಲಾಗು ತೆರೆದುಕೊಟ್ಟ. ಹಿರಿಯರಿಗಾಗಿ ಹೇಳುವುದಾದರೆ, ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಪುಟವಿಟ್ಟುಕೊಂಡು ಬೇಕಾದುದನ್ನು ಬರೆಯುವುದು, ಯಾವ ಊರಿನವರಾದರೂ ಅದನ್ನು ಓದಿ ಕೆಳಗೆ ತಮ್ಮ ಮಾತನ್ನು ಸೇರಿಸುವುದು, ಇದಕ್ಕೆ ಬ್ಲಾಗು ಎನ್ನುತ್ತಾರೆ. ಖರ್ಚೇನೂ ಇರಲಿಲ್ಲ. ಅವಳು ವಾರವಿಡೀ ನೋಟುಪುಸ್ತಕದಲ್ಲಿ ಬರೆಯುವಳು, ಭಾನುವಾರ ಊರಿಗೆ ಬಂದ ಅಣ್ಣ ಅದನ್ನು ಒಯ್ದು ಏರಿಸುವನು. ಹುಡುಗಿಯ ಹೆಸರು ಹೊರಗೆ ಹೋಗಬಾರದೆಂದು ಅಜ್ಜಿಯ ಕಟ್ಟಪ್ಪಣೆಯಾದ್ದರಿಂದ ಒಂದು ಅಡ್ಡಹೆಸರಿಟ್ಟುಕೊಂಡಿದ್ದರು.

ಮೊದಲ ಬರಹವೇ ಹಾಳಾಯಿತು. ಅಂಗಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಅಣ್ಣ ಹಾಗೆಯೇ ಬ್ಲಾಗಿಗೆ ಹಾಕಿದ್ದ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಸದ ರಾಶಿಯಾಗಿ ಕಂಡಿತು. ಅನಂತರ ಯುನಿಕೋಡಿನಲ್ಲಿ ಬರೆದರೆ ಎಲ್ಲೆಡೆ ಕನ್ನಡವಾಗಿಯೇ ಕಾಣುವುದೆಂದು ತಿಳಿದುಕೊಂಡ. ಬೇಸಿಗೆಯ ರಜೆಯಲ್ಲಿ ತಂಗಿಗೂ ಬೆರಳಚ್ಚು ಕಲಿಸಿದ. 1998ರಲ್ಲಿ ಶೇಷಾದ್ರಿವಾಸು ಅವರು ಸಿದ್ಧಪಡಿಸಿದ ‘ಬರಹ’ ತಂತ್ರಾಂಶ ಅವರ ಬಳಿ ಇತ್ತು.

ಈ ಬೆರಳಚ್ಚಿನಿಂದ ಆದ ಒಂದು ಉಪಕಾರವನ್ನು ಹೇಳಲೇಬೇಕು. ನಮ್ಮ ಸೀಮೆಯ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ಬಾಷೆ, ದರ್ಮ, ಬಾರತ ಎಂದೇ ನುಡಿಯುತ್ತೇವೆ, ಮಕ್ಕಳು ಹಾಗೆಯೇ ಬರೆಯುತ್ತಾರೆ. ತಿದ್ದಿ ತಿದ್ದಿ ಬೇಸತ್ತ ಹುಡುಗರು ಕೆಲವರು ಎಲ್ಲಿ ನೋಡಿದರಲ್ಲಿ ಹೊಟ್ಟೆ ಸೀಳಿ, ‘ನಮ್ಮ ಮನೆಯಲ್ಲಿ ಎರಡು ಧನಗಳಿವೆ’ ಎಂದು ಬರೆದು ಬಡವರನ್ನು ಶ್ರೀಮಂತರನ್ನಾಗಿ ಮಾಡಿದ್ದೂ ಉಂಟು. ಕೈಯಲ್ಲಿ ಬರೆಯುವಾಗ ಆ ಸಣ್ಣ ಗೀರು ಇದೆಯೋ ಇಲ್ಲವೋ ಎಂಬಂತೆ ಎಳೆದು ಪಾರಾಗಬಹುದು. ಕೀಲಿಮಣೆಯಲ್ಲಿ ಪಾರಾಗುವಂತಿಲ್ಲ. ‘ದ’ ಬೇಕಾದರೆ ‘ಡಿ’ ಒಂದೇ ಕೀಲಿ, ‘ಧ’ ಬೇಕಾದರೆ ಅದರ ಮುಂದೆ ‘ಎಚ್’ ಒತ್ತಬೇಕು. ಪ್ರತಿಯೊಂದು ಅಕ್ಷರದಲ್ಲಿಯೂ ಇದೋ ಅದೋ ಎಂದು ನಿರ್ಧರಿಸಬೇಕು. ನಾವು ಕೆಂಪು ಶಾಯಿಯಲ್ಲಿ ವರ್ಷಗಟ್ಟಲೆ ಮಾಡಲಾರದ್ದನ್ನು ಒಂದು ಬೇಸಿಗೆಯ ರಜೆ ಮಾಡಿತು.

ಕಾಗುಣಿತ ಸರಿಯಾಯಿತು ಎಂದ ಮಾತ್ರಕ್ಕೆ ಬರವಣಿಗೆ ಬಂದಂತಲ್ಲ. ಅದು ಬಂದುದು ಬೇರೆ ದಾರಿಯಿಂದ, ಬೆರಳಚ್ಚು ಕಲಿಯುವುದಕ್ಕೂ ಮೊದಲೇ.

2016ರ ಜನವರಿಯಲ್ಲಿ ಎಳ್ಳ ಅಮಾವಾಸ್ಯೆ ಬಂದಿತು. ಅವಳು ಆರು ವಾಕ್ಯ ಬರೆದಳು. ಬೆಳಿಗ್ಗೆ ಎದ್ದೆವು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆವು, ಚರಗ ಚೆಲ್ಲಿದೆವು, ಊಟ ಮಾಡಿದೆವು, ಬಹಳ ಸಂತೋಷವಾಯಿತು, ಸಂಜೆ ಮನೆಗೆ ಬಂದೆವು. ನಮ್ಮ ಗೋಡೆಪತ್ರಿಕೆಗಾಗಿದ್ದರೆ ಇದೇ ಸಾಕಾಗುತ್ತಿತ್ತು. ಮೂರನೆಯ ದಿನ ಆ ಬರಹದ ಕೆಳಗೆ ಒಬ್ಬ ಓದುಗರ ಪ್ರಶ್ನೆ ಬಂದಿತ್ತು. ಅವರು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಶಾಲೆಯ ಶಿಕ್ಷಕಿ. ಕೇಳಿದ್ದು ಇಷ್ಟೇ: ಚರಗ ಎಂದರೇನು? ಅದನ್ನು ಯಾರು ಚೆಲ್ಲುತ್ತಾರೆ, ಎಲ್ಲಿಗೆ ಚೆಲ್ಲುತ್ತಾರೆ?

ಶನಿವಾರ ಅವಳು ನನ್ನ ಬಳಿಗೆ ಬಂದಳು. ಮುಖದಲ್ಲಿ ಸಿಟ್ಟಿತ್ತು. “ಚರಗ ಅಂದ್ರ ಏನಂತ ಕೇಳ್ಯಾರ್ರೀ ಸರ್. ಕನ್ನಡದವರಿಗೆ ಅಷ್ಟೂ ಗೊತ್ತಿರಂಗಿಲ್ಲೇನ್ರಿ?”

“ನಿನಗ ಗೊತ್ತದ ಏನವ್ವ? ಹಂಗಾದ್ರ ಹೇಳು” ಎಂದೆ.

“ಚರಗ ಅಂದ್ರ... ಚರಗರೀ ಸರ್” ಎಂದು ನಿಂತಳು. ಮುಂದೆ ಮಾತು ಹೊರಡಲಿಲ್ಲ.

ಮನೆಗೆ ಹೋಗಿ ಅಜ್ಜಿಯನ್ನು ಕಾಡಿದಳು. ಹಿಂದಿನ ದಿನವೇ ಏನೇನು ಮಾಡಿಡಬೇಕು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಎಷ್ಟು ತೆಳ್ಳಗೆ ಬಡಿಯಬೇಕು, ಭಜ್ಜಿಗೆ ಯಾವ ಯಾವ ಕಾಳು ತರಕಾರಿ ಕೂಡುತ್ತದೆ, ಶೇಂಗಾದ ಹೋಳಿಗೆ ಎಷ್ಟು ದಿನ ಕೆಡದೆ ಇರುತ್ತದೆ. ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಏಕೆ ಪೂಜಿಸುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಒಬ್ಬರು ಮುಂದೆ ಕೂಗುತ್ತ ಇನ್ನೊಬ್ಬರು ಹಿಂದೆ ದನಿಗೂಡಿಸುತ್ತ, ನಿಂತ ಜೋಳದ ಸುತ್ತ ಹೇಗೆ ಚೆಲ್ಲಿ ಬರುತ್ತಾರೆ. ತೆನೆ ಹೊತ್ತ ಭೂತಾಯಿ ಬಸುರಿ, ಬಸುರಿಗೆ ಬಯಕೆಯ ಊಟ ಬಡಿಸಬೇಕಲ್ಲವೇ ಎಂದಳಂತೆ ಅಜ್ಜಿ. ಇದನ್ನೆಲ್ಲ ಹುಡುಗಿ ಹುಟ್ಟಿದಂದಿನಿಂದ ಕಂಡಿದ್ದಳು. ಯಾರೂ ಕೇಳಿರಲಿಲ್ಲವಾದ್ದರಿಂದ ಮಾತಿಗೆ ತಂದಿರಲಿಲ್ಲ. ಆರು ವಾಕ್ಯದ ಬರಹ ನೋಟುಪುಸ್ತಕದ ಐದು ಪುಟವಾಯಿತು. ‘ಬಹಳ ಸಂತೋಷವಾಯಿತು’ ಎಂಬ ವಾಕ್ಯ ಹೊಸ ಬರಹದಲ್ಲಿ ಇರಲಿಲ್ಲ, ಅದರ ಅವಶ್ಯಕತೆಯೂ ಉಳಿದಿರಲಿಲ್ಲ.

ತಿದ್ದುವ ಶಿಕ್ಷಕನೂ ಪ್ರಶ್ನೆ ಕೇಳುತ್ತಾನೆ. ಆದರೆ ಉತ್ತರ ತನಗೆ ಗೊತ್ತಿದ್ದೂ ಕೇಳುತ್ತಾನೆ. ಅದು ಮಕ್ಕಳಿಗೆ ತಿಳಿಯುತ್ತದೆ. ಕಾಸರಗೋಡಿನ ಆ ತಾಯಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂಬ ಆಸೆಯಿತ್ತು. ಬಿ.ಇಡಿ. ಕಾಲೇಜಿನ ಬೋಧನಾಕ್ರಮದ ಪುಸ್ತಕಗಳನ್ನು ನಾನು ಹೆಚ್ಚು ಓದಿದವನಲ್ಲ, ಅಲ್ಲಿ ಈ ವ್ಯತ್ಯಾಸಕ್ಕೆ ಏನಾದರೂ ಹೆಸರಿದ್ದರೂ ಇರಬಹುದು.

ಆ ವರ್ಷ ಮಾಘಮಾಸದ ಹೊತ್ತಿಗೆ ಅವಳು ಗುಳೆಯ ಮೇಲೆ ಬರೆದಳು. ಇದನ್ನು ಶಾಲೆಯಲ್ಲಿ ಯಾರೂ ಯಾವಾಗಲೂ ಪ್ರಬಂಧದ ವಿಷಯವನ್ನಾಗಿ ಕೊಟ್ಟಿರಲಿಲ್ಲ. ಮಹಬೂಬನಗರದ ಹಳೆಯ ಹೆಸರು ಪಾಲಮೂರು. ಪಾಲಮೂರಿನ ಕೂಲಿ ಎಂದರೆ ಅಣೆಕಟ್ಟು, ಕಾಲುವೆ, ಮುಂಬಯಿ ಪುಣೆಗಳ ಕಟ್ಟಡ, ಎಲ್ಲಿಯೂ ಗೊತ್ತಿರುವ ಮಾತು. ಆ ಹೆಸರಿನ ಹಿಂದೆ ಬೀಗ ಹಾಕಿದ ಎಷ್ಟು ಮನೆಗಳಿವೆಯೆಂದು ನಮ್ಮ ಊರುಗಳಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ತಮ್ಮ ಓಣಿಯಲ್ಲಿ ಬೀಗ ಬಿದ್ದ ಮನೆಗಳನ್ನು ಅವಳು ಒಂದೊಂದಾಗಿ ಎಣಿಸಿ, ಯಾರ ಮನೆಯ ಕೀಲಿಕೈ ಯಾರ ಬಳಿ ಇದೆ, ಯಾರ ಕರು ಯಾರ ಅಂಗಳದಲ್ಲಿ ಕಟ್ಟಿದೆ ಎಂದು ಬರೆದಿದ್ದಳು. ತಂದೆ ತಾಯಿ ಪುಣೆಯಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆಂದೂ ಬರೆದಿದ್ದಳು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಅಡ್ಡಹೆಸರಿನ ಹಿಂದಿನ ಊರನ್ನು ಗುರುತಿಸಿ, ತಾವೂ ಬಾಲ್ಯದಲ್ಲಿ ದಸರೆಯಿಂದ ಯುಗಾದಿಯವರೆಗೆ ಶಾಲೆ ತಪ್ಪಿಸಿ ತಂದೆತಾಯಿಯ ಬೆನ್ನು ಹತ್ತಿ ಹೋದದ್ದನ್ನು ಕೆಳಗೆ ಬರೆದರು. ಆ ಮಾತು ಅವಳ ಬರಹದಷ್ಟೇ ಉದ್ದವಿತ್ತು.

ಯುಗಾದಿಗೆ ತಂದೆ ಊರಿಗೆ ಬಂದರು. ಮಗಳು ಮನೆಯ ಸಂಗತಿಯನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದಾಳೆಂದು ಯಾರೋ ಕಿವಿಗೆ ಹಾಕಿದ್ದರು. ಮನೆಯಲ್ಲಿ ಜಗಳವಾಯಿತು. ಮುಂದಿನ ವರ್ಷ ಹತ್ತನೆಯದು, ಇದರಿಂದ ಪಾಸಾಗುತ್ತಾಳೇನು, ಬಡತನವನ್ನು ಬೀದಿಗಿಟ್ಟು ಸಿಗುವುದೇನು, ಇಲ್ಲದಿದ್ದರೆ ನಮ್ಮ ಜೊತೆ ಬರಲಿ, ಎರಡು ಕೈ ಕೂಲಿಯಾದರೂ ಆಗುತ್ತದೆ ಎಂದರಂತೆ. ಆ ಮಾತಿನಲ್ಲಿ ಬರಿಯ ಸಿಟ್ಟೇ ಇರಲಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ದಸರೆಯ ಅನಂತರ ಹೆಸರಿನ ಮುಂದೆ ಅಡ್ಡಗೀಟು ಬಿದ್ದ ಹುಡುಗಿಯರು ಎಷ್ಟು ಜನವೋ! ನಾನೂ ಕನ್ನಡದ ಶಿಕ್ಷಕರೂ ಕೂಡಿ ಅವರ ಮನೆಗೆ ಹೋದೆವು. ನಾವು ಹೇಳಿದ ಬುದ್ಧಿವಾದದಿಂದ ಪ್ರಯೋಜನವಾಯಿತೆಂದು ನನಗನ್ನಿಸುವುದಿಲ್ಲ. ಮಗ ಮೊಬೈಲ್ ತೆಗೆದು ಆ ಬರಹವನ್ನು ಮೊದಲಿನಿಂದ ಓದತೊಡಗಿದ. ಓಣಿಯ ಮನೆಗಳು ಬಂದವು, ಕೀಲಿಕೈ ಬಂದಿತು, ಕರು ಬಂದಿತು. ತಂದೆ ಕಟ್ಟೆಯ ಮೇಲೆ ಬೀಡಿ ಹಿಡಿದು ಕುಳಿತಿದ್ದವರು ತಗಡಿನ ಶೆಡ್ಡಿನ ವಾಕ್ಯ ಬಂದಾಗ ತಡೆದರು.

“ತಗಡು ಎಲ್ಲಿಂದ ಬರಬೇಕೋ? ತಗಡಿನ ಶೆಡ್ಡು ಮೇಸ್ತ್ರಿಗಿರ್ತದ. ನಮಗ ತಾಡಪತ್ರಿ. ತಪ್ಪು ಬರದಾಳ, ತಿದ್ದು.”

ಮಗಳು ಒಳಗಿನಿಂದ ನೋಟುಪುಸ್ತಕ ತಂದಳು. ತಾಡಪತ್ರಿಯ ನಾಲ್ಕು ಮೂಲೆಗೆ ಏನು ಕಟ್ಟುತ್ತಾರೆ, ಗಾಳಿ ಬಂದರೆ ರಾತ್ರಿ ಯಾರು ಎದ್ದು ಹಿಡಿದುಕೊಳ್ಳುತ್ತಾರೆ, ಇಟ್ಟಿಗೆ ಅಡಿಯಿಟ್ಟು ಒಲೆ ಹೂಡುವುದು ಹೇಗೆ, ವಾರದ ಪಗಾರದಲ್ಲಿ ಮುಂಗಡ ಹಣ ಎಷ್ಟು ಮುರಿಯುತ್ತಾರೆ ಎಂದು ಆ ಮನುಷ್ಯ ಒಂದು ಗಂಟೆಯ ಹೊತ್ತು ಹೇಳಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಮಗಳನ್ನು ಕೂಲಿಗೆ ಕರೆದೊಯ್ಯುವ ಮಾತು ಆ ಸಂಜೆ ಮತ್ತೆ ಬರಲಿಲ್ಲ, ಜೂನ್‌ನಲ್ಲಿ ಅವಳು ಹತ್ತನೆಯ ತರಗತಿಗೆ ಬಂದು ಕುಳಿತಳು.

ತರಗತಿಯಲ್ಲಿ ಎಲ್ಲವೂ ಸುಸೂತ್ರವಾಯಿತೆಂದು ತಿಳಿಯಬಾರದು. ಹತ್ತನೆಯದರ ಅರ್ಧವಾರ್ಷಿಕದಲ್ಲಿ ಅವಳಿಗೆ ಕನ್ನಡದ ಅಂಕ ಕಡಿಮೆಯಾಯಿತು. ಬ್ಲಾಗಿನಲ್ಲಿ ಅಜ್ಜಿಯ ಮಾತು, ಅಪ್ಪನ ಮಾತು ಬರೆದು ರೂಢಿಯಾಗಿ, ಉತ್ತರಪತ್ರಿಕೆಯಲ್ಲಿಯೂ ‘ಹೋಗ್ಯಾರ’, ‘ಬಂದಾರ’ ನುಸುಳಿದ್ದವು. ಶಿಕ್ಷಕರು ಬೇಸರಪಟ್ಟರು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಹಳೆಯ ಕಾಲದ್ದು. ಆಡುವವನ ಬಾಯಿಯ ಮಾತನ್ನು ಬಾಯಿಯ ಮಾತಾಗಿಯೇ ಬರೆಯಬೇಕು, ಬರೆಯುವವನು ತನ್ನ ಮಾತನ್ನು ಗ್ರಂಥಸ್ಥ ಕನ್ನಡದಲ್ಲಿ ಬರೆಯಬೇಕು. ಹೀಗೆ ನಿಂತರೆ ದಾಮರಗಿದ್ದದವನು ಬರೆದುದು ಮಂಗಳೂರಿನವನಿಗೂ ಮೈಸೂರಿನವನಿಗೂ ದಕ್ಕುತ್ತದೆ. ಅವಳು ಇದನ್ನು ಬೇಗ ಗ್ರಹಿಸಿದಳು, ಏಕೆಂದರೆ ಅರ್ಥವಾಗದ ಓದುಗರು ಅವಳಿಗೆ ನಿಜವಾಗಿಯೂ ಇದ್ದರು.

2014-15ರಲ್ಲಿ ತೆಲಂಗಾಣದ ಹತ್ತನೆಯ ತರಗತಿಯ ಪರೀಕ್ಷಾ ಕ್ರಮ ಬದಲಾಗಿ, ಲಿಖಿತಕ್ಕೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳ ಪದ್ಧತಿ ಬಂದಿತ್ತು. ಸ್ವಂತ ಮಾತಿನಲ್ಲಿ ವಿವರಿಸಿರಿ ಎಂಬ ಪ್ರಶ್ನೆಗಳು ಹೆಚ್ಚಾಗಿದ್ದವು. ಗೈಡು ನಂಬಿದ್ದ ಮಕ್ಕಳು ಕಂಗಾಲಾದ ಕಾಲವದು. 2017ರ ಮಾರ್ಚ್‌ನಲ್ಲಿ ಅವಳು ಪರೀಕ್ಷೆ ಬರೆದು ಕನ್ನಡದಲ್ಲಿ ತರಗತಿಗೆ ಮೊದಲಿಗಳಾದಳು. ಗಣಿತದಲ್ಲಿ ಅಂಚಿನಲ್ಲಿ ಪಾಸಾದಳು. ಬ್ಲಾಗಿನಿಂದ ಗಣಿತಕ್ಕೇನೂ ಲಾಭವಾಗಲಿಲ್ಲವೆಂದು ಗಣಿತದ ಶಿಕ್ಷಕರು ಈಗಲೂ ಹಾಸ್ಯ ಮಾಡುತ್ತಾರೆ. ಮುಂದೆ ರಾಯಚೂರಿನಲ್ಲಿ ಓದಿದಳು. ಕಾಲೇಜಿನ ಓದು ಹೆಚ್ಚಿದಂತೆ ಬ್ಲಾಗಿನ ಬರಹ ತೆಳುವಾಗಿ 2018ರಲ್ಲಿ ನಿಂತಿತು. ಈಗ ಅವಳಿಗೆ ಮದುವೆಯಾಗಿದೆ, ಮಕ್ಕಳಿಗೆ ಮನೆಪಾಠ ಹೇಳುತ್ತಾಳೆ.

ಅವಳು ಬಿಟ್ಟುಹೋದದ್ದನ್ನು ಕನ್ನಡದ ಶಿಕ್ಷಕರು ಬೇರೆ ರೂಪದಲ್ಲಿ ಹಿಡಿದುಕೊಂಡರು. ಎಲ್ಲ ಮಕ್ಕಳಿಗೂ ಬ್ಲಾಗು ತೆರೆದುಕೊಡಲು ಸಾಧ್ಯವಿರಲಿಲ್ಲ, ತೆರೆದರೂ ಓದುಗರು ತಾವಾಗಿ ಬರುವರೆಂಬ ಭರವಸೆಯಿರಲಿಲ್ಲ. ಕಾಸರಗೋಡಿನ ಆ ಶಿಕ್ಷಕಿಯೊಡನೆ ಪತ್ರವ್ಯವಹಾರ ಬೆಳೆಸಿ, ಎರಡೂ ಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳು ಪ್ರಬಂಧಗಳನ್ನು ಅಂಚೆಯಲ್ಲಿ ಅದಲುಬದಲು ಮಾಡುವಂತೆ ಏರ್ಪಡಿಸಿದರು. ನಿಯಮ ಒಂದೇ: ಹೊಗಳಬಾರದು, ತಪ್ಪು ತಿದ್ದಬಾರದು, ಅರ್ಥವಾಗದ ಮಾತಿನ ಕೆಳಗೆ ಗೆರೆಯೆಳೆದು ಪ್ರಶ್ನೆ ಬರೆದು ಕಳಿಸಬೇಕು. ಆ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಂದು ಸಾಮ್ಯವಿದೆ. ನಮ್ಮನ್ನು ಆಂಧ್ರಕ್ಕೆ ಸೇರಿಸಿದ ಅದೇ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಶಾಸನ ಮಾಡಿತು, 2018ರಲ್ಲಿ ತೆಲಂಗಾಣ ತೆಲುಗಿನ ವಿಷಯದಲ್ಲಿ ಹಾಗೆಯೇ ಮಾಡಿತು. ರಾಜ್ಯದ ಭಾಷೆಯನ್ನು ಮಕ್ಕಳು ಕಲಿಯಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಕನ್ನಡಕ್ಕೆ ಉಳಿಯುವ ಹೊತ್ತು ಕಡಿಮೆಯಾದಾಗ ಆ ಹೊತ್ತನ್ನು ಗೈಡು ನಕಲು ಮಾಡಿಸುವುದರಲ್ಲಿ ಕಳೆಯಬಾರದೆಂಬುದಷ್ಟೇ ನನ್ನ ಮಾತು.

2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಪತ್ರಗಳೂ ನಿಂತು, ಎರಡು ವರ್ಷದ ಮೇಲೆ ಮತ್ತೆ ಆರಂಭವಾದವು. ಈ ಸಲ ಕಾಸರಗೋಡಿನಿಂದ ಬಂದ ಕಟ್ಟಿನಲ್ಲಿ ಒಬ್ಬ ಹುಡುಗನ ಪ್ರಬಂಧವಿತ್ತು. ರಜೆಯಲ್ಲಿ ಅಜ್ಜನ ತೋಟಕ್ಕೆ ಹೋದಾಗ ತಾನು ಹಾಳೆಯ ಮೇಲೆ ಕುಳಿತುಕೊಂಡೆನೆಂದೂ, ಅಣ್ಣ ತುದಿ ಹಿಡಿದು ತೋಟದ ತುಂಬ ಎಳೆದುಕೊಂಡು ಓಡಿದನೆಂದೂ ಅವನು ಬರೆದಿದ್ದ. ಹಾಳೆ ಎಂದರೆ ನೋಟುಪುಸ್ತಕದ ಹಾಳೆ ಎಂದಷ್ಟೇ ತಿಳಿದ ನಮ್ಮ ಮಕ್ಕಳು ಅರ್ಧ ಗಂಟೆ ವಾದಿಸಿದರು. ಒಬ್ಬ ಹುಡುಗ ಎರಡು ಹಾಳೆ ಹರಿದು ನೆಲದ ಮೇಲಿಟ್ಟು ಕುಳಿತೂ ನೋಡಿದನಂತೆ. ಕೊನೆಗೆ ಗೆರೆಯೆಳೆದು ಬರೆದು ಕಳಿಸಿದರು: ನಿಮ್ಮ ಹಾಳೆ ಹರಿಯುವುದಿಲ್ಲವೇ? ಉತ್ತರ ಎರಡು ವಾರದ ಮೇಲೆ ಬಂದಿತು, ಮೂರು ಪುಟ. ಅಡಿಕೆಮರದ ಸೋಗೆಯ ಬುಡದಲ್ಲಿ ಮರವನ್ನು ತಬ್ಬಿಕೊಂಡಿರುವ ಭಾಗಕ್ಕೆ ಹಾಳೆ ಎನ್ನುತ್ತಾರೆಂದೂ, ಒಣಗಿ ಕಳಚಿ ಬಿದ್ದ ಅದರಿಂದ ತಲೆಗೆ ಟೊಪ್ಪಿಯನ್ನೂ ಊಟಕ್ಕೆ ತಟ್ಟೆಯನ್ನೂ ಮಾಡುತ್ತಾರೆಂದೂ ಆ ಹುಡುಗ ವಿವರಿಸಿ, ಪಕ್ಕದಲ್ಲಿ ಮರದ ಚಿತ್ರವನ್ನು ಬರೆದು, ಅದರ ಮೇಲೆ ಕುಳಿತ ತನ್ನನ್ನೂ ಎಳೆಯುವ ಅಣ್ಣನನ್ನೂ ತೋರಿಸಿದ್ದ.